ಬಲಗಡೆಯ ಭಾರ

ಬೀದಿಗೆಲ್ಲ ಅವಳು ಅತ್ತಿಗೆ. ಮೊದಲು ಮೈದುನನೊಬ್ಬನೇ ಹಾಗೆ ಕರೆಯುತ್ತಿದ್ದ. ಅವನ ಬಾಯಿಂದ ಟಯರ್ ಅಂಗಡಿಗೆ ಬರುವ ಲಾರಿ ಡ್ರೈವರುಗಳ ಬಾಯಿಗೆ ಹೋಯಿತು, ಅಲ್ಲಿಂದ ಬೀದಿಗೆ ಬಿತ್ತು. ಗಂಡನಿಗೂ ಇದ್ದದ್ದು ಅಡ್ಡಹೆಸರೇ, ಡ್ರಮ್. ಅವನು ಅಂಗಡಿ ಬಾಗಿಲಲ್ಲಿ ನಿಂತರೆ ಒಳಗೆ ಹಗಲಲ್ಲೇ ದೀಪ ಹಾಕಬೇಕಿತ್ತು. ಅವನ ತಮ್ಮ ಕಡ್ಡಿ. ಇಬ್ಬರೂ ಒಂದೇ ತಾಯಿಯ ಮಕ್ಕಳು ಅಂದರೆ ಯಾರೂ ನಂಬುತ್ತಿರಲಿಲ್ಲ. “ಅಮ್ಮ ಮಾಡಿದ್ದನ್ನೆಲ್ಲ ಅಣ್ಣ ತಿಂದ, ನಾನು ಪಾತ್ರೆ ಕೆರ್ಕೊಂಡು ಬೆಳೆದೆ” ಎಂದು ಕಡ್ಡಿಯೇ ಹೇಳಿಕೊಂಡು ನಗುತ್ತಿದ್ದ.

ಡ್ರಮ್ ಸತ್ತದ್ದು ಅಂಗಡಿಯಲ್ಲೇ. ಕೈಯಲ್ಲಿ ಬೋಲ್ಟ್ ಬಿಗಿಯುವ ಪಾನಾ ಇತ್ತು. ಎದೆ ಹಿಡಿದುಕೊಂಡು ಟಯರಿನ ರಾಶಿಗೆ ಒರಗಿದ, ಮತ್ತೆ ಏಳಲಿಲ್ಲ. ಕೆಲವು ದಿನ ಅತ್ತಿಗೆ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಬಂದು ಬಾಗಿಲು ತೆಗೆದಳು. ಪಂಕ್ಚರ್ ಹಾಕುವ ಕೆಲಸ ಅವಳಿಗೆ ಹೊಸದಲ್ಲ. ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಹುಡುಕುವುದರಲ್ಲಿ ಗಂಡನಿಗಿಂತ ಅವಳ ಕಣ್ಣೇ ಚುರುಕು. ಅಳು ಬಂದರೆ ತೊಟ್ಟಿಗೆ ಬಗ್ಗುತ್ತಿದ್ದಳು. ಮುಖದ ಮೇಲಿನ ನೀರು ಯಾವುದು ಅಂತ ಯಾರು ಕೇಳುತ್ತಾರೆ?

ಅಂಗಡಿ ಬಿಟ್ಟರೆ ಅವನದು ಅಂತ ಉಳಿದದ್ದು ಹಿತ್ತಲ ಶೆಡ್ಡಿನಲ್ಲಿದ್ದ ಹಸಿರು ಕಾರು. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಈಗ ವಿಮಾನ ಇಳಿಯದ ರನ್‌ವೇಯಲ್ಲಿ ನಡೆಯುವ ಡ್ರ್ಯಾಗ್ ರೇಸಿಗೆ ಒಯ್ಯುತ್ತಿದ್ದ. ಡ್ರ್ಯಾಗ್ ರೇಸ್ ಅಂದರೆ ಹೆಚ್ಚೇನಿಲ್ಲ. ಎರಡು ಕಾರು, ಒಂದು ನೇರ ದಾರಿ, ಒಂದು ಹಸಿರು ದೀಪ. ಆಚೆ ತುದಿ ಮೊದಲು ಮುಟ್ಟಿದವನು ಗೆದ್ದ. ಆದರೆ ಎಂಜಿನ್ ಎಷ್ಟೇ ಅಬ್ಬರಿಸಲಿ, ಹಿಂದಿನ ಚಕ್ರ ನೆಲ ಹಿಡಿಯಬೇಕು. ಹಿಡಿಯದಿದ್ದರೆ ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸುತ್ತದೆ. ಅಷ್ಟರಲ್ಲಿ ಪಕ್ಕದವನು ಹೋಗಿಬಿಟ್ಟಿರುತ್ತಾನೆ.

ಡ್ರಮ್ ಕೂತರೆ ಆ ಕಾರು ಬಾಣದ ಹಾಗೆ ಹೊರಡುತ್ತಿತ್ತು. ಕಡ್ಡಿ ಕೂತ ಮೊದಲ ಸಲವೇ ಹೊಗೆ. ಎರಡನೆಯ ಸಲವೂ ಹೊಗೆ.

“ಏನ್ ಅತ್ತಿಗೆ, ನಮ್ಮೂರಲ್ಲಿ ಸೊಳ್ಳೆ ಜಾಸ್ತಿಯಾಗಿದೆ, ನಿಮ್ಮ ಕಾರನ್ನ ಬೀದಿ ಬೀದಿಗೂ ಕಳಿಸ್ತೀರಾ?” ಎಂದ ಬಟ್ಟೆ ಅಂಗಡಿಯವನು. ಅವನದು ಕೆಂಪು ಕಾರು. ಡ್ರಮ್ ಕೈಲಿ ಯಾವಾಗಲೂ ಸೋಲುತ್ತಿದ್ದವನಿಗೆ ಈಗ ಬಾಯಿ ಬಂದಿತ್ತು.

ಟಯರ್ ಅಂಗಡಿಯವರಿಗೆ ಕಾರಿನಲ್ಲಿ ಕಾಣುವುದು ಟಯರೊಂದೇ. ಅತ್ತಿಗೆ ಹಿಂದಿನ ಟಯರ್ ತೆಗೆಸಿ ಮೆತ್ತನೆ ರಬ್ಬರಿನದು ಹಾಕಿಸಿದಳು. ಗಾಳಿ ಇಳಿಸಿದಳು. ಇನ್ನಷ್ಟು ಇಳಿಸಿದಳು. ನೆಲಕ್ಕೆ ನೀರು ಹೊಯ್ದು, ಅದರ ಮೇಲೆ ಚಕ್ರ ತಿರುಗಿಸಿ, ರಬ್ಬರ್ ಬಿಸಿಯಾಗಿ ಅಂಟುವ ಹಾಗೆ ಮಾಡಿಸಿದಳು. ಆದರೂ ಹೊಗೆ.

“ಸಾಕು ಅತ್ತಿಗೆ” ಎಂದ ಕಡ್ಡಿ. “ಮುಂದಿನ ರೇಸಲ್ಲೂ ಹೀಗೇ ಆದ್ರೆ ಎಂಜಿನ್ ಕಳಚಿ ಮಾರಿಬಿಡೋಣ. ಕೇಳೋರಿದ್ದಾರೆ. ಶೆಡ್ಡೂ ಖಾಲಿಯಾಗುತ್ತೆ.”

“ಖಾಲಿ ಶೆಡ್ಡು ಇಟ್ಕೊಂಡು ಏನ್ ಮಾಡ್ಲಿ?”

“ಟಯರ್ ಇಡಬಹುದು.”

“ಟಯರ್ ಮಂಚದ ಕೆಳಗೂ ಇದೆ ಕಣೋ.”

ಅವನು ತಲೆ ತಗ್ಗಿಸಿದ. “ಅಣ್ಣನ ಕಾರನ್ನ ಜನ ನಗೋ ಹಾಗೆ ಓಡಿಸೋಕೆ ನನ್ನ ಕೈಲಿ ಆಗಲ್ಲ.”

“ಆಯ್ತು. ಇನ್ನೊಂದೇ ಸಲ. ಆಮೇಲೆ ನೀನು ಹೇಳಿದ ಹಾಗೆ” ಎಂದಳು. ಅವಳು ಒಮ್ಮೆ ಹೇಳಿದರೆ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಕಾರು ಒಯ್ದರು. ಕಡ್ಡಿ ಅಣ್ಣನ ಅಳತೆಯ ಸೀಟನ್ನು ಕರಕರನೆ ಮುಂದಕ್ಕೆ ಎಳೆದುಕೊಂಡ. ಎಳೆಯದಿದ್ದರೆ ಅವನ ಕಾಲಿಗೆ ಕ್ಲಚ್ ಎಟುಕುತ್ತಿರಲಿಲ್ಲ. ಆ ಸದ್ದು ಕೇಳಿದಾಗೆಲ್ಲ ಅತ್ತಿಗೆ ಮುಖ ಆಚೆ ತಿರುಗಿಸುತ್ತಿದ್ದಳು. ಈ ಸಲ ತಿರುಗಿಸಲಿಲ್ಲ. ಕಾರಿನ ಹಿಂದೆ, ಸ್ವಲ್ಪ ದೂರದಲ್ಲಿ, ಕುಕ್ಕರಗಾಲಲ್ಲಿ ಕೂತಳು.

“ಬಿಡು!”

ಕಡ್ಡಿ ಕ್ಲಚ್ ಬಿಟ್ಟ. ಕಾರು ಕಿರುಚಿತು, ಹೊಗೆ ಎದ್ದಿತು. ಅತ್ತಿಗೆ ಎದ್ದು ಹೋಗಿ ನೆಲ ನೋಡಿದಳು. ಕಪ್ಪು ಗೆರೆ ಒಂದೇ ಇತ್ತು, ಅದೂ ಬಲಗಡೆ. ಎಡಗಡೆ ಬರೀ ಧೂಳು.

“ಇನ್ನೊಂದು ಸಲ ಬಿಡು.”

ಈಗ ಅವಳು ಟಯರ್ ನೋಡಲೇ ಇಲ್ಲ, ಕಾರಿನ ಮೈ ನೋಡಿದಳು. ಎಂಜಿನ್ ಎಳೆದ ಕೂಡಲೇ ಕಾರಿನ ಹಿಂಭಾಗ ಎಡಕ್ಕೆ ಅಮುಕಿಕೊಂಡಿತು, ಬಲಕ್ಕೆ ಎದ್ದಿತು. ಹಗುರಾದ ಬಲಚಕ್ರ ಹಿಡಿತ ತಪ್ಪಿ ಬುಗುರಿಯಾಯಿತು.

“ಬಲಗಡೆ ಏಳ್ತಿದೆ ಕಣೋ” ಎಂದಳು. “ಇವ್ರು ಕೂತಾಗ ಹೀಗೆ ಏಳ್ತಿರ್ಲಿಲ್ಲ.”

“ಅಣ್ಣ ಕೂತ ಮೇಲೆ ಕಾರಿರ್ಲಿ, ಕಟ್ಟಡನೂ ಏಳಲ್ಲ ಅತ್ತಿಗೆ.”

ಇಬ್ಬರೂ ಬಲಗಡೆಯ ಡ್ರೈವರ್ ಸೀಟು ನೋಡಿದರು.

ಗಂಡನ ಜೊತೆ ಆ ಕಾರಿನಲ್ಲಿ ಹೋಗುವಾಗ ಅತ್ತಿಗೆ ಎಡಗಡೆಯ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಕಾರು ಅವನ ಕಡೆಗೆ ವಾಲುತ್ತಿತ್ತು, ಅವಳು ಜಾರಿ ಜಾರಿ ಅವನ ಮೇಲೆ ಬೀಳುತ್ತಿದ್ದಳು. “ಸ್ಪ್ರಿಂಗ್ ಸರಿ ಮಾಡಿಸ್ರೀ” ಅಂದರೆ, “ಯಾಕೆ, ಬೇರೆ ಯಾರ ಮೇಲಾದ್ರೂ ಬೀಳ್ಬೇಕಾ?” ಅನ್ನುತ್ತಿದ್ದ. ಆ ಭಾರವೇ ಬಲಚಕ್ರವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅದು ಅವನಿಗೂ ಗೊತ್ತಿರಲಿಲ್ಲ. ತಾನು ಒಳ್ಳೆಯ ಡ್ರೈವರ್ ಅಂದುಕೊಂಡಿದ್ದ ಪಾಪ.

ಅಂಗಡಿಯ ಗುಜರಿ ಮೂಲೆಯಲ್ಲಿ ಲಾರಿಯ ಹಳೆಯ ಬ್ರೇಕ್ ಡ್ರಮ್ ಬಿದ್ದಿತ್ತು. ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆಯ ಹಾಗಿನ ಗಟ್ಟಿ ಕಬ್ಬಿಣ. ಅತ್ತಿಗೆ ಅದನ್ನು ಕಾಲಿಂದ ಉರುಳಿಸಿಕೊಂಡು ಬಂದಳು.

“ಇದನ್ನ ಡಿಕ್ಕೀಲಿ ಹಾಕು.”

“ಅತ್ತಿಗೆ! ತೂಕ ಇಳಿಸೋಕೆ ಅಂತ ಜನ ಕಾರಿನ ಗಾಜೂ ಕಿತ್ತುಹಾಕ್ತಾರೆ.”

“ನಿಮ್ಮಣ್ಣ ಗಾಜಿಗಿಂತ ಹಗುರ ಇದ್ರಾ?”

ಕಡ್ಡಿ ಡ್ರಮ್ಮನ್ನು ಎತ್ತಿ ಡಿಕ್ಕಿಯ ನಟ್ಟನಡುವೆ ಇಟ್ಟ. ಚಕ್ರದ ಬ್ಯಾಲೆನ್ಸ್ ನೋಡಿ ನೋಡಿ ಅಭ್ಯಾಸವಾದ ಕೈ, ಎರಡು ಕಡೆಯೂ ಸಮ ಬರಲಿ ಅನ್ನುತ್ತದೆ. ಅತ್ತಿಗೆ ಬಲಗಡೆಯ ಮೂಲೆಗೆ ಬೆರಳು ತೋರಿಸಿದಳು.

“ಇವ್ರು ಯಾವತ್ತಾದ್ರೂ ನಡುವೆ ಕೂತಿದ್ರಾ? ಬಲಕ್ಕೆ ತಳ್ಳು.”

ಬಲಚಕ್ರದ ಹಿಂದಕ್ಕೆ ಬರುವ ಹಾಗೆ ತಳ್ಳಿ, ತಳಕ್ಕೆ ತೂತು ಕೊರೆದು ಬೋಲ್ಟ್ ಬಿಗಿದರು. ಕೊನೆಯ ಸುತ್ತು ಅತ್ತಿಗೆಯೇ ಬಿಗಿದಳು, ಗಂಡನ ಕೈಲಿದ್ದ ಆ ಪಾನಾದಿಂದಲೇ.

ರೇಸಿನ ದಿನ ಕಾರು ತಪಾಸಣೆ ಮಾಡುವ ಮುದುಕ ಡಿಕ್ಕಿ ತೆಗೆದು ನೋಡಿದ.

“ಇದೇನಮ್ಮಾ ಇದು?”

“ನಮ್ಮನೆಯವ್ರು” ಎಂದಳು ಅತ್ತಿಗೆ.

ಮುದುಕ ಡ್ರಮ್ಮನ್ನು ಬಲ್ಲವನು. ಕಬ್ಬಿಣವನ್ನು ಅಲ್ಲಾಡಿಸಿ ನೋಡಿದ, ಅದು ಜಗ್ಗಲಿಲ್ಲ. “ಅವನೂ ಹೀಗೇ, ಜಗ್ತಿರ್ಲಿಲ್ಲ” ಎಂದು ಡಿಕ್ಕಿ ಮುಚ್ಚಿದ.

ಪಕ್ಕದ ಸಾಲಿಗೆ ಕೆಂಪು ಕಾರು ಬಂದು ನಿಂತಿತು. ಬಟ್ಟೆ ಅಂಗಡಿಯವನು ಕಿಟಕಿಯಿಂದ ಮೂಗಿಗೆ ಕರವಸ್ತ್ರ ಹಿಡಿದು ತೋರಿಸಿದ.

“ಚೆನ್ನಾಗಿ ಹಿಡ್ಕೊಳ್ಳಪ್ಪ, ಕಣ್ಣೊರೆಸೋಕೆ ಬೇಕಾಗುತ್ತೆ” ಎಂದಳು ಅತ್ತಿಗೆ.

ಹಸಿರು ದೀಪ ಬಿತ್ತು. ಕಾರು ಒಂದು ಕ್ಷಣ ಹಿಂದಕ್ಕೆ ಕುಳಿತ ಹಾಗಾಯಿತು, ಎರಡು ಕಡೆಯೂ ಒಂದೇ ಸಮ. ಆಮೇಲೆ ಅದು ಅಲ್ಲಿರಲಿಲ್ಲ. ಹೊಗೆಯೂ ಇರಲಿಲ್ಲ. ಜನ ಆಚೆ ತುದಿಯ ಕಡೆ ಕುತ್ತಿಗೆ ಚಾಚಿದರು. ಅತ್ತಿಗೆ ಚಾಚಲಿಲ್ಲ. ಕಾರು ಹೊರಟ ಜಾಗಕ್ಕೆ ಹೋಗಿ ಬಗ್ಗಿದಳು. ಎರಡು ಗೆರೆಗಳಿದ್ದವು. ಚಿಕ್ಕವು, ಒಂದರಷ್ಟೇ ಇನ್ನೊಂದು. ಬಲಗಡೆಯದರ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು.

“ಮೊದಲು ಬಂದ್ವಿ! ನೋಡಿದ್ರಾ ಅತ್ತಿಗೆ, ನೋಡಿದ್ರಾ?” ಕಡ್ಡಿ ತಿರುಗಿ ಬಂದವನೇ ಕಾರಿನಿಂದ ಅರ್ಧ ಹೊರಬಿದ್ದಿದ್ದ.

“ಇಲ್ಲ.”

“ಇಲ್ವಾ? ಮತ್ತೇನ್ ನೋಡ್ತಿದ್ರಿ?”

“ನೆಲ. ಎಂಜಿನ್ ಕೇಳೋರಿಗೆ ಇಲ್ಲ ಅಂತ ಹೇಳಿಬಿಡು.”

“ಹೇಳ್ತೀನಿ” ಎಂದ. ಆಮೇಲೆ ಪಾನಾ ತೆಗೆದುಕೊಂಡು ಡಿಕ್ಕಿಯ ಹತ್ತಿರ ಹೋದ. “ಮನೆ ತನಕ ಈ ಭಾರ ಯಾಕೆ, ಸುಮ್ನೆ ಪೆಟ್ರೋಲ್ ದಂಡ. ಬಿಚ್ಚಿ ಲಾರಿಯವರ ಕೈಲಿ ಕಳಿಸಲಾ?”

ಅತ್ತಿಗೆ ಎಡಗಡೆಯ ಬಾಗಿಲು ತೆಗೆದು ಕೂತಳು. ಸೀಟು ಸ್ವಲ್ಪ ಬಲಕ್ಕೆ ವಾಲಿತ್ತು.

“ಇರ್ಲಿ ಬಿಡು. ಇವ್ರನ್ನ ಯಾವತ್ತು ದಾರೀಲಿ ಇಳಿಸಿ ಹೋಗಿದ್ದೀವಿ?”