ಮೇಲಿನಕ್ಕನ ನಾಲ್ಕು ಅಂಕಿ

ಗಾಜಿನ ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹನ್ನೊಂದು ಮೀಟರ್ ಎತ್ತರದ ಕ್ರೇನಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು ಎಲ್ಲರಿಗೂ ಮೇಲಿನಕ್ಕ. ಗಾಜಿನ ಹಾಳೆಗಳನ್ನು ನಿಲ್ಲಿಸಿ ತುಂಬಿದ ಎರಡು ಟನ್ ತೂಕದ ಮರದ ಪೆಟ್ಟಿಗೆ, ತಂತಿಹಗ್ಗದಲ್ಲಿ ನೇತಾಡುತ್ತ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ನಿಂತ ಕಡೆ ಒಂದು ಗೇಣಿಗಿಂತ ಹೆಚ್ಚು ತೂಗಾಡಿದರೆ ಪಕ್ಕದ ಸ್ಟ್ಯಾಂಡಿಗೆ ಬಡಿಯುತ್ತದೆ. ಆಮೇಲೆ ಗುಡಿಸುವುದೊಂದೇ ಕೆಲಸ. ಆ ತೂಗಾಟವನ್ನು ನಿಲ್ಲಿಸುವ ವಿದ್ಯೆ ಅವಳ ಕೈಗೆ ಹತ್ತಿತ್ತು. ಪೆಟ್ಟಿಗೆ ಮುಂದಕ್ಕೆ ಬೀಸಿದರೆ, ಹಗ್ಗವನ್ನು ಹೊತ್ತು ಮೇಲಿನ ಹಳಿಯಲ್ಲಿ ಓಡುವ ಟ್ರಾಲಿಯನ್ನೂ ಅದರ ಹಿಂದೆಯೇ ಒಂದಿಷ್ಟು ಓಡಿಸಿ, ಅದು ಹಿಂದಕ್ಕೆ ತಿರುಗುವ ಮೊದಲೇ ಹಿಡಿದುಬಿಡುವುದು. ಹೇಗೆ ಎಂದು ಕೇಳಿದರೆ ‘ಹೀಗೆ’ ಎಂದು ಕೈ ತೋರಿಸುತ್ತಿದ್ದಳು, ಅಷ್ಟೆ.

ಅವಳ ತಮ್ಮ ಅದೇ ಕಾರ್ಖಾನೆಯಲ್ಲಿ ಕಂಟ್ರೋಲ್ ಇಂಜಿನಿಯರ್. ಹನ್ನೆರಡು ವರ್ಷ ಚಿಕ್ಕವನು, ಇವಳ ಸೊಂಟದ ಮೇಲೆ ಕೂತೇ ಬೆಳೆದವನು. ತೂಗಾಟ ತಾನಾಗಿಯೇ ನಿಲ್ಲುವ ವ್ಯವಸ್ಥೆಯೊಂದನ್ನು ಕ್ರೇನಿಗೆ ಮಾಡಿಕೊಡು ಎಂದು ಮೇಲಿನವರು ಅವನಿಗೆ ಹೇಳಿದ ದಿನ ಅಕ್ಕ ಅವನನ್ನು ಕ್ಯಾಂಟೀನಿನಲ್ಲಿ ತಡೆದಳು.

‘ಪೆಟ್ಟಿಗೆ ತೂಗೋದು ನಿನಗೇನು ಗೊತ್ತೋ ಮರಿ? ಕೆಳಗೆ ನಿಂತು ನೋಡಿದೋನು ನೀನು.’

‘ಹಾಗಾದ್ರೆ ನೀನೇ ಕಲ್ತು ಮಾಡಕ್ಕ. ಬೇಡ ಅಂದೋರು ಯಾರು?’

ತಮಾಷೆಗೆ ಅಂದ ಮಾತು. ಆದರೆ ಅವಳು ತಮಾಷೆಯನ್ನು ತಮಾಷೆ ಎಂದು ಬಿಟ್ಟುಬಿಡುವ ಪೈಕಿಯವಳಲ್ಲ. ಮರುವಾರವೇ ತಾಂತ್ರಿಕ ಕಾಲೇಜಿನ ಸಂಜೆ ತರಗತಿಗೆ ಸೇರಿಕೊಂಡಳು, ನಲವತ್ತಾರನೆಯ ವಯಸ್ಸಿನಲ್ಲಿ.

ಯಂತ್ರದ ಸ್ಥಿತಿಯನ್ನು ಅಂಕಿಗಳಲ್ಲಿ ಹಿಡಿಯುವ ಸ್ಟೇಟ್ ಸ್ಪೇಸ್ ಎಂಬ ಲೆಕ್ಕ ಮೊದಮೊದಲು ಕಬ್ಬಿಣದ ಕಡಲೆಯೇ ಆಗಿತ್ತು. ಸಾಲುಸಾಲು ಅಂಕಿಗಳ ಮ್ಯಾಟ್ರಿಕ್ಸುಗಳನ್ನು ಕಂಡರೆ ಕಿಟಕಿಗೆ ಹೊಡೆದ ಸರಳು ಕಂಡಂತಾಗುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು. ಬಸ್ಸು ಓಡಿಸುವ ಅವಳ ಗಂಡ, ‘ಬ್ರೇಕ್ ಹಾಕಿದ್ರೆ ನಿಲ್ಲುತ್ತೆ. ಅದಕ್ಕಿಷ್ಟು ಲೆಕ್ಕ ಬೇಕಾ?’ ಎಂದು ಕೇಳಿ ಒಂದು ವಾರ ತಣ್ಣಗಿನ ಸಾರು ಉಂಡ. ಆದರೆ ಮೇಷ್ಟ್ರು ಒಂದು ಸಂಜೆ ಬೋರ್ಡಿಗೆ ಬೆನ್ನು ಹಾಕಿ ನಿಂತು ಹೇಳಿದ ಮಾತು ಅವಳಿಗೆ ನಾಟಿತು. ‘ಯಂತ್ರ ನಿನ್ನೆ ಏನು ಮಾಡ್ತು, ಮೊನ್ನೆ ಏನು ಮಾಡ್ತು ಅನ್ನೋ ಪುರಾಣ ಬೇಡ. ಈ ಕ್ಷಣದ ಸ್ಥಿತಿ ಹೇಳಿ, ಮುಂದಿಂದು ನಾನು ಹೇಳ್ತೀನಿ.’ ಇಷ್ಟು ವರ್ಷ ತನ್ನ ಕೈ ಮಾಡುತ್ತಿದ್ದುದೇ ಇದು ಎಂದು ಅವಳಿಗೆ ಹೊಳೆಯಿತು. ಟ್ರಾಲಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಹಗ್ಗ ಎಷ್ಟು ವಾಲಿದೆ, ಆ ವಾಲು ಎಷ್ಟು ಬೇಗ ಬದಲಾಗುತ್ತಿದೆ. ಈ ನಾಲ್ಕು ಗೊತ್ತಿದ್ದರೆ ಸ್ಥಿತಿ ಗೊತ್ತಾದ ಹಾಗೆ. ಒಂದೊಂದನ್ನೂ ಒಂದೊಂದು ಅಂಕಿಯಿಂದ ಗುಣಿಸಿ ಕೂಡಿದರೆ ಮೋಟರು ಎಷ್ಟು ಎಳೆಯಬೇಕೆಂಬುದು ಸಿಗುತ್ತದೆ. ಆ ನಾಲ್ಕು ಅಂಕಿ ಯಾವುವು ಎಂದು ಕಂಡುಹಿಡಿಯುವುದಕ್ಕೆ ಅವಳಿಗೆ ಎರಡು ವರ್ಷ ಹಿಡಿಯಿತು.

ಒಂದು ವಿಷಯದಲ್ಲಿ ಮಾತ್ರ ಅವಳು ಪುಸ್ತಕದ ಮಾತು ಕೇಳಲಿಲ್ಲ. ಪುಸ್ತಕದ ಪ್ರಕಾರ ಪೆಟ್ಟಿಗೆ ಟ್ರಾಲಿಗಿಂತ ಮುಂದೆ ಬೀಸಿದರೆ ಪ್ಲಸ್, ಹಿಂದುಳಿದರೆ ಮೈನಸ್. ಗೂಡಿನಲ್ಲಿ ಕೂತವರಿಗೆ ಕಾಣುವುದೇ ಬೇರೆ. ಕ್ರೇನು ಹೊರಟ ತಕ್ಷಣ ಪೆಟ್ಟಿಗೆ ಹಿಂದುಳಿಯುತ್ತದೆ, ಎಲ್ಲ ಆಪರೇಟರುಗಳೂ ‘ಇಷ್ಟು ಹಿಂದಿದೆ’ ಎಂದೇ ಲೆಕ್ಕ ಹಿಡಿಯುತ್ತಾರೆ. ಅವಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚಿತ್ರ ಬರೆದು, ‘ಹಿಂದುಳಿದರೆ ಪ್ಲಸ್’ ಎಂದು ಕೆಳಗೆ ಎರಡು ಗೆರೆ ಎಳೆದಳು. ಮೇಷ್ಟ್ರು ನೋಡಿ, ‘ಯಾವ ಕಡೆ ಇಟ್ಕೊಂಡ್ರೂ ಸರೀನಮ್ಮ, ಕೊನೇವರೆಗೂ ಅದನ್ನೇ ಇಟ್ಕೊಳ್ಳಿ’ ಎಂದರು. ಕೊನೆಯವರೆಗೂ ಅದನ್ನೇ ಇಟ್ಟುಕೊಂಡಳು. ಹಗ್ಗದ ವಾಲು ಅಳೆಯುವ ಸೆನ್ಸರನ್ನು ಕ್ರೇನಿಗೆ ಕೂಡಿಸುವಾಗಲೂ, ಹಿಂದುಳಿದರೆ ಪ್ಲಸ್ ತೋರಿಸುವ ಹಾಗೆಯೇ ಎಲೆಕ್ಟ್ರಿಷಿಯನ್ ವೈರಣ್ಣನಿಂದ ತಂತಿ ಕಟ್ಟಿಸಿದಳು. ನಾಲ್ಕು ಅಂಕಿ ಬರೆದ ನೋಟ್‌ಬುಕ್ಕನ್ನು ತಮ್ಮನ ಕೈಗಿಟ್ಟಳು. ಅವುಗಳನ್ನು ಕ್ರೇನು ನಡೆಸುವ ಪ್ಯಾನೆಲ್ಲಿಗೆ ತುಂಬುವ ಅಧಿಕಾರ ಅವನೊಬ್ಬನಿಗೇ ಇತ್ತು.

ಪ್ರಯೋಗದ ದಿನ ಶೆಡ್ಡಿನವರೆಲ್ಲ ಕತ್ತೆತ್ತಿ ನಿಂತಿದ್ದರು. ಪೆಟ್ಟಿಗೆ ಶೆಡ್ಡಿನ ಉದ್ದಕ್ಕೂ ಹೋಗಿ, ಒಂದು ಸಲ ಅತ್ತ, ಅರ್ಧ ಸಲ ಇತ್ತ ವಾಲಿ ತೆಪ್ಪಗೆ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಅವಳ ಫೋಟೋ ನೋಟಿಸ್ ಬೋರ್ಡಿಗೆ ಹತ್ತಿತು. ಅಂದಿನಿಂದ ಅವಳಿಗೆ ಎರಡು ಕೋಡು ಮೂಡಿದ್ದು ಸುಳ್ಳಲ್ಲ. ಹೊಸ ಆಪರೇಟರುಗಳನ್ನು ಕೂರಿಸಿಕೊಂಡು ‘ಸ್ಥಿತಿ ಅಂದ್ರೇನು ಗೊತ್ತಾ?’ ಎಂದು ಶುರುಮಾಡಿದರೆ ಊಟದ ಗಂಟೆ ಹೊಡೆದರೂ ಬಿಡುತ್ತಿರಲಿಲ್ಲ. ಒಂದೇ ಒಂದು ಕಿರಿಕಿರಿ. ಪೆಟ್ಟಿಗೆ ನಿಲ್ಲುವಾಗ ಅವಳಿಗೆ ಸ್ವಲ್ಪ ಅವಸರ ಕಾಣುತ್ತಿತ್ತು. ಗಾಜಿಗೆ ಎಳೆದಾಟ ಆಗದು ಎಂದು ಅವಳು ನಿಧಾನವಾಗಿ ನಿಲ್ಲುವಂಥ ಅಂಕಿಗಳನ್ನೇ ಆರಿಸಿದ್ದಳು. ಬ್ರೇಕಿನದೇ ದೋಷವಿರಬೇಕು ಎಂದುಕೊಂಡು ಎರಡು ಸಲ ಬ್ರೇಕಿನ ಪಟ್ಟಿ ಬದಲಾಯಿಸಿದಳು.

ಒಂದೂವರೆ ವರ್ಷದ ಮೇಲೆ ಸೆನ್ಸರು ಕೆಟ್ಟಿತು. ತಮ್ಮ ಬೇರೆ ಊರಿಗೆ ತರಬೇತಿಗೆ ಹೋಗಿದ್ದ. ಫೋನಿನಲ್ಲೇ ಪಾಸ್‌ವರ್ಡ್ ಕೊಟ್ಟು, ‘ವೈರಣ್ಣ ನೋಡ್ಕೊಳ್ಲಿ ಅಕ್ಕ, ನೀನು ಮೇಲೇ ಇರು’ ಎಂದ. ಮೇಲೇ ಇರು ಎಂದರೆ ಇರುವವಳೇ? ಹೊಸ ಸೆನ್ಸರು ಸರಿಯಾದ ಕಡೆ ಪ್ಲಸ್ ತೋರಿಸುತ್ತಿದೆಯೇ ಎಂದು ತಾನೇ ನೋಡಲು ಇಳಿದು ಬಂದು, ಪ್ಯಾನೆಲ್ ಮುಂದಿನ ಲ್ಯಾಪ್‌ಟಾಪಿಗೆ ಕಣ್ಣು ಹಾಕಿದಳು. ಸೆನ್ಸರಿನ ಸಾಲಿನಲ್ಲಿ ಅವಳು ಬರೆಯದ ಒಂದು ಮೈನಸ್ ಇತ್ತು. ಅದರ ಕೆಳಗೆ ನಾಲ್ಕು ಅಂಕಿಗಳು. ಒಂದೂ ಅವಳದಲ್ಲ. ಬದಲಾಯಿಸಿದ ತಾರೀಖು ಪ್ರಯೋಗದ ಹಿಂದಿನ ದಿನದ್ದು.

ಅವಳು ಎರಡು ಸಲ ಓದಿದಳು. 

‘ವೈರಣ್ಣ, ಇದು ನಿಮಗೆ ಗೊತ್ತಿತ್ತಾ?’

ವೈರಣ್ಣ ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿದ. ‘ಬಿಡಿ ಅಕ್ಕ, ಹಳೇ ವಿಷಯ. ನಿಮ್ಮ ಮೇಲಿನ ಪ್ರೀತಿಗೆ ಮಾಡಿದ್ದು ಅದು.’

‘ಇನ್ನು ಯಾರಿಗೆ ಗೊತ್ತು?’

  ಶೆಡ್ಡಿನಲ್ಲಿ ನಿಂತಿದ್ದ ನಾಲ್ಕೈದು ಜನ ಒಟ್ಟಿಗೇ ನೆಲದ ಮೇಲೆ ಏನನ್ನೋ ಹುಡುಕತೊಡಗಿದ್ದರು. ಚಪ್ಪಾಳೆ ತಟ್ಟಿದ ಕೈಗಳೇ ಅವೆಲ್ಲ. ಕಣ್ಣಿಗೆ ಮಣ್ಣೆರಚಿದ್ದರೆ ತೊಳೆದುಕೊಳ್ಳಬಹುದಿತ್ತು. ಇವರು ಒಂದೂವರೆ ವರ್ಷ ಮೂಗಿಗೆ ತುಪ್ಪ ಸವರಿದ್ದರು, ಅವಳು ಅದರ ಪರಿಮಳಕ್ಕೇ ಉಬ್ಬಿಕೊಂಡು ಓಡಾಡಿದ್ದಳು. ತಾನು ‘ಸ್ಥಿತಿ ಅಂದ್ರೇನು ಗೊತ್ತಾ’ ಎಂದಾಗಲೆಲ್ಲ ಈ ಮುಖಗಳು ಹೇಗೆ ತಲೆಯಾಡಿಸುತ್ತಿದ್ದವು ಎಂಬುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ನಾಲ್ಕು ದಿನದ ಮೇಲೆ ತಮ್ಮ ತರಬೇತಿ ಮುಗಿಸಿ ನೇರವಾಗಿ ಅಕ್ಕನ ಮನೆಗೇ ಬಂದ. ವೈರಣ್ಣ ಆಗಲೇ ಸುದ್ದಿ ಮುಟ್ಟಿಸಿದ್ದ. ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ.

‘ಅಕ್ಕ, ಕೊನೇ ಎರಡು ಅಂಕಿಗೆ ಚಿಹ್ನೆ ಉಲ್ಟಾ ಆಗಿತ್ತು. ಹಾಗೇ ಹಾಕಿದ್ರೆ ತೂಗಾಟ ನಿಲ್ಲೋ ಬದಲು ಜಾಸ್ತಿ ಆಗ್ತಿತ್ತು. ಎರಡು ವರ್ಷ ಒದ್ದಾಡಿದ್ದೆ ನೀನು. ನಾಳೆ ಪ್ರಯೋಗ ಅಂದಾಗ ಹೇಗೆ ಹೇಳ್ಲಿ? ನಾಲ್ಕನ್ನೂ ನಾನೇ ಹೊಸದಾಗಿ ಲೆಕ್ಕ ಮಾಡಿ ತುಂಬಿದೆ.’

‘ಸೆನ್ಸರಿಗೆ ಮೈನಸ್ ಯಾಕೆ ಹಾಕ್ದೆ?’

‘ಅದನ್ನೂ ವೈರಣ್ಣ ಉಲ್ಟಾ ಕಟ್ಟಿದ್ದ.’

‘ನನ್ನ ಲೆಕ್ಕಾನೂ ಉಲ್ಟಾ, ಅವನ ತಂತಿನೂ ಉಲ್ಟಾ. ಎರಡೂ ಒಂದೇ ಕಡೆಗೆ ಉಲ್ಟಾ ಆಗಿದೆಯಲ್ಲ ಅಂತ ನಿನಗೆ ಅನುಮಾನ ಬರಲಿಲ್ವಾ?’

 ಅವಳು ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಅವನ ಮುಂದಿಟ್ಟಳು. ಚಿತ್ರ, ಕೆಳಗೆ ಎರಡು ಗೆರೆ. ಅವನು ನೋಡಿದ, ಕೂತ, ಮತ್ತೆ ನೋಡಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನ ಹಾಗೆ, ನೋಡದೆ ಕೇಳದೆ ಇವನು ಕೊನೆಯ ಪುಟಕ್ಕೇ ಹಾರಿದ್ದ. ಬೇರೆ ಯಾವ ಇಂಜಿನಿಯರ್ ಕೊಟ್ಟ ನೋಟ್‌ಬುಕ್ಕಾಗಿದ್ದರೂ ಮೊದಲಿನಿಂದ ಓದುತ್ತಿದ್ದ. ಅಕ್ಕನದಲ್ಲವೇ, ತಪ್ಪೇ ಇರುತ್ತದೆ.

‘ಅಯ್ಯೋ, ನಾನು... ನೀನು ಬೇಜಾರಾಗ್ತೀಯಾ ಅಂತ ಕೇಳ್ಲಿಲ್ಲ ಅಕ್ಕ.’

‘ತಪ್ಪಾಗಿದೆ ಅಂದಿದ್ರೆ ಅತ್ತು ತಿದ್ಕೊಳ್ತಿದ್ದೆ. ಹತ್ತೊಂಬತ್ತು ಬಂದಾಗ ಸತ್ತೋದ್ನಾ? ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನನ್ನನ್ನ ಊರಿನೋರ ಮುಂದೆ ಕೋತಿ ಕುಣಿಸಿದೆಯಲ್ಲೋ. ಬೇರೆಯೋರು ಮಾಡಿದ್ರೆ ಬೈದು ಬಿಡ್ತಿದ್ದೆ. ನೀನು ಮಾಡಿದ್ದನ್ನ ಎಲ್ಲಿ ಇಟ್ಕೊಳ್ಲಿ?’

ಅವನು ಅತ್ತ. ಅವಳಿಗೆ ಅಳು ಬರಲಿಲ್ಲ. ಅವನ ತಲೆ ನೇವರಿಸಲು ಹೋದ ಕೈಯನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು. ಜೀವಮಾನದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

‘ನನ್ನ ಅಂಕಿ ಹಾಕು. ನಾನು ನೋಡ್ಬೇಕು,’ ಎಂದಳು.

ವಾರದ ರಜೆಯ ದಿನ ಬೆಳಿಗ್ಗೆ ಖಾಲಿ ಶೆಡ್ಡಿನಲ್ಲಿ ಅಕ್ಕ ತಮ್ಮ ಇಬ್ಬರೇ. ಗಾಜಿನ ಬದಲು ಮರಳು ತುಂಬಿದ ಪೆಟ್ಟಿಗೆ. ಅವನು ಮೈನಸ್ ಅಳಿಸಿ ಅವಳ ನಾಲ್ಕು ಅಂಕಿ ಒಂದೊಂದಾಗಿ ತುಂಬಿದ. ಅವಳು ಗೂಡು ಹತ್ತಿ ಕೂತಳು. ಅಂಕಿ ಹುಸಿಯಾದರೆ ಕಲಿತ ಎರಡು ವರ್ಷವೂ ಹುಸಿ, ತಮ್ಮ ಮಾಡಿದ್ದೇ ಸರಿ. ಗುಂಡಿ ಒತ್ತಿದಳು.

ಪೆಟ್ಟಿಗೆ ಹೊರಟಿತು, ಹಿಂದುಳಿಯಿತು, ಟ್ರಾಲಿ ಅದಕ್ಕಾಗಿ ಒಂದಿಷ್ಟು ಕಾದಂತೆ ಮಾಡಿತು. ಶೆಡ್ಡಿನ ತುದಿಯಲ್ಲಿ ಒಮ್ಮೆ ಮುಂದಕ್ಕೆ ವಾಲಿ, ಅವಸರವಿಲ್ಲದೆ, ನಿದ್ದೆ ಹೋದ ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ ನಿಂತಿತು. ಮೊದಲಿಗಿಂತ ಎರಡು ಸೆಕೆಂಡ್ ಹೆಚ್ಚು ತೆಗೆದುಕೊಂಡಿತ್ತು. ಅವಳು ಬಯಸಿದ್ದ ಎರಡು ಸೆಕೆಂಡ್. ಐದು ಸಲ ಓಡಿಸಿದಳು, ಐದು ಸಲವೂ ಹಾಗೆಯೇ ನಿಂತಿತು. ಗೂಡಿನ ಗಾಜಿಗೆ ಹಣೆಯಿಟ್ಟು ಒಬ್ಬಳೇ ನಕ್ಕಳು.

ಇಳಿದು ಬಂದಾಗ ತಮ್ಮ ಕುಣಿಯುತ್ತಿದ್ದ. ‘ನಂದಕ್ಕಿಂತ ಚೆನ್ನಾಗಿದೆ ಅಕ್ಕ! ಇನ್ಮೇಲೆ ಇದೇ ಇರ್ಲಿ. ನಾಳೆ ಎಲ್ರಿಗೂ ನಾನೇ ಹೇಳ್ತೀನಿ.’

ಹೇಳಿದ ಕೂಡ. ಮರುದಿನ ಕೆಲಸ ಶುರುವಾಗುವ ಮುಂಚೆ ಶೆಡ್ಡಿನವರನ್ನೆಲ್ಲ ಸೇರಿಸಿ, ತಪ್ಪು ತನ್ನದು, ಅಕ್ಕನ ಲೆಕ್ಕ ಮೊದಲಿನಿಂದಲೂ ಸರಿಯಿತ್ತು, ಈಗ ಕ್ರೇನಿನಲ್ಲಿರುವುದು ಅವಳದೇ ಅಂಕಿ ಎಂದು ಕಣ್ಣು ತುಂಬಿಕೊಂಡು ಹೇಳಿದ.  ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಚಪ್ಪಾಳೆ ಬಿತ್ತು, ಹೋದ ಸಲಕ್ಕಿಂತ ಜೋರಾಗಿ.

ವೈರಣ್ಣ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಅವಳ ಕೈ ಹಿಡಿದುಕೊಂಡ.

‘ನಿಜವಾಗ್ಲೂ ನನ್ನವೇ ವೈರಣ್ಣ,’ ಎಂದಳು ಅವಳು. ‘ಬೇಕಾದ್ರೆ ಬಂದು ನೋಡಿ, ಲ್ಯಾಪ್‌ಟಾಪಲ್ಲಿದೆ.’

‘ನೋಡೋದೇನಿದೆ ಅಕ್ಕ,’ ಎಂದು ಅವನು ಅವಳ ಕೈ ತಟ್ಟಿದ. ‘ನಿಮ್ಮವೇ, ನಿಮ್ಮವೇ. ನಾವು ಯಾವತ್ತಾದ್ರೂ ಅಲ್ಲ ಅಂದಿದ್ದೀವಾ?’