ಮೂರು ಊರಿನ ಸುಳ್ಳು ಮಳೆ

ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಮಾಡುವವನೊಬ್ಬ ಗಾಡಿ ಇಟ್ಟುಕೊಂಡಿದ್ದಾನೆ. ಮೊನ್ನೆ ಬೆಳಿಗ್ಗೆ ಮಳೆಗೆ ಇದ್ದಿಲು ಹತ್ತಿಕೊಳ್ಳದೆ, ತೆಂಗಿನ ಕರಟ ಒಡೆದು ಹಾಕಿ ಊದುತ್ತಿದ್ದ. ಹಾಲು ತರಲು ಹೊರಟ ನಾನು ಆ ಹೊಗೆ ಮೂಗಿಗೆ ಬಡಿದದ್ದೇ ಕೊಡೆ ಹಿಡಿದು ನಿಂತುಬಿಟ್ಟೆ. ಶೃಂಗೇರಿಯ ಹೊಳೆದಂಡೆಯ ಒಂದು ಕೋಣೆ, ಅದನ್ನು ಕಾಯುತ್ತಿದ್ದ ಅಜ್ಜ...

ಎಂಬತ್ತರ ದಶಕದ ಕೊನೆಯ ಭಾಗ. ಡಿಪ್ಲೊಮಾ ಮುಗಿಸಿ ಕೊಪ್ಪದಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೆ. ಹೊಳೆ ಏರುವುದನ್ನು ಮುಂಚೆಯೇ ಲೆಕ್ಕ ಹಾಕಿ ಸೈರನ್ ಕೂಗಿಸುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಕಂಪನಿ ಬರೆಸಿತ್ತು. ಯಂತ್ರಗಳು ಮೂರು. ಒಂದು ಕೊಪ್ಪದ ಆಫೀಸಿನಲ್ಲಿ, ಇನ್ನೊಂದು ನರಸಿಂಹರಾಜಪುರದ ಹಾರ್ಡ್‌ವೇರ್ ಅಂಗಡಿಯೊಂದರ ಹಿಂಭಾಗದಲ್ಲಿ, ಮತ್ತೊಂದು ಶೃಂಗೇರಿಯಿಂದ ತುಸು ಕೆಳಗೆ, ತುಂಗೆಯಲ್ಲಿ ದೋಣಿ ದಾಟುವ ಕಡೆ. ಒಂದೇ ಪ್ರೋಗ್ರಾಂ ಮೂರೂ ಕಡೆ ಒಂದೇ ರೀತಿ ನಡೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

ನೋಡುವುದು ಎಂದರೆ ಸುಮ್ಮನೆ ಕೂರುವುದು. ಪರೀಕ್ಷೆಯ ಫ್ಲಾಪಿ ಹಾಕಿ ಗುಂಡಿ ಒತ್ತಿದರೆ ಮುಂದಿನದೆಲ್ಲ ತಾನಾಗಿ ನಡೆಯುತ್ತಿತ್ತು. ಅದರಲ್ಲಿ ನಾವೇ ಕಟ್ಟಿದ ಸುಳ್ಳು ಮಳೆಗಳಿದ್ದವು. ಸಿರಿಮನೆ ಕಡೆ ಒಮ್ಮೆಗೇ ಸುರಿದ ಮಳೆ, ದಿನಗಟ್ಟಲೆ ಜಿನುಗಿ ಕೊನೆಗೆ ಕೆರಳಿದ ಮಳೆ, ಇಲ್ಲಿ ಬಿಸಿಲಿರುವಾಗ ಮೇಲಿನಿಂದ ಬಂದ ನೆರೆ. ಯಂತ್ರ ಎಲ್ಲವನ್ನೂ ನಿಜವೆಂದು ನಂಬುತ್ತಿತ್ತು. ಪರೀಕ್ಷೆಯಲ್ಲಿ ಸೈರನ್ ಬದಲು ಒಂದು ಕೆಂಪು ದೀಪ ಹತ್ತುತ್ತಿತ್ತು. ಕೊನೆಗೆ ಪ್ರಿಂಟರ್ ಪಾಸ್ ಎಂದೋ ಫೇಲ್ ಎಂದೋ ಹೊಡೆದು ಕೊಡುತ್ತಿತ್ತು. ನರಸಿಂಹರಾಜಪುರದ ಅಂಗಡಿಯ ಸಾಹೇಬರಿಗೆ ಇದೊಂದು ತಮಾಷೆ. "ಎಂತ ಸಾರ್, ಇವತ್ತು ನಮ್ಮೂರು ಮುಳುಗಿಸಿ ಆಯ್ತಾ? ಇನ್ನು ಮೊಳೆ ಮಾರಬಹುದಾ?" ಎಂದು ಕೇಳುತ್ತಿದ್ದರು.

ಕೊಪ್ಪದಲ್ಲಿ ಆಗಾಗ ಫೇಲ್ ಬರುತ್ತಿತ್ತು, ನರಸಿಂಹರಾಜಪುರದಲ್ಲೂ. ಎರಡೂ ಕಡೆ ವೋಲ್ಟೇಜಿನ ತೊಂದರೆ. ಶೃಂಗೇರಿಯಲ್ಲಿ ಮಾತ್ರ ಒಮ್ಮೆಯೂ ಫೇಲ್ ಆಗಲಿಲ್ಲ. ಹೊಳೆಗೆ ಅಂಟಿಕೊಂಡ ಮಣ್ಣಿನ ಗೋಡೆಯ ಕೋಣೆ ಅದು, ಗೋಡೆಯ ತುಂಬ ಬೂಷ್ಟು. ಹಾಗಿದ್ದೂ ಪಾಸ್, ಪಾಸ್. ಕಂಪನಿಯವರಿಗೆ ಖುಷಿ. ನನಗೇಕೋ ಅದು ಸರಿಹೋಗುತ್ತಿರಲಿಲ್ಲ.

ಆ ಕೋಣೆ ಕಾಯಲು ಕಂಪನಿ ಇಟ್ಟುಕೊಂಡಿದ್ದ ಅಜ್ಜ ಎಸ್ಟೇಟುಗಳಲ್ಲಿ ದುಡಿದು ಸೋತವರು. ಹಿಂದೆ ಮುಂದೆ ಯಾರೂ ಇರಲಿಲ್ಲ. ನಾನು ಬಸ್ಸಿಳಿದು ಹೋಗುವ ಹೊತ್ತಿಗೆ ಕಾಫಿ, ಬಿಸಿ ಕಡುಬು ಸಿದ್ಧವಾಗಿರುತ್ತಿತ್ತು. ಯಂತ್ರದ ಮೇಜಿನಡಿ ಕಬ್ಬಿಣದ ಬಾಣಲೆಯ ತುಂಬ ಕರಟದ ಕೆಂಡ. ಬಾಣಂತಿ ಕೋಣೆಯ ಹಾಗೆ ಬೆಚ್ಚಗೆ. ಅವರ ದಿನದ ಅಭ್ಯಾಸವೇ ಅದು ಎಂದುಕೊಂಡಿದ್ದೆ.

ಆ ವರ್ಷ ಮಳೆಗಾಲದ ಆರಂಭಕ್ಕೆ ಸೈರನ್ ನಿಜವಾಗಿ ಕೆಲಸಕ್ಕೆ ಬಂತು. ದೋಣಿಯವನು ಆಗಲೇ ನೀರು ಏರುವುದನ್ನು ನೋಡಲು ಗುರುತಿನ ಕೋಲು ನೆಡುವುದನ್ನು ಬಿಟ್ಟಿದ್ದ. ಕೂಗಿದರೆ ದಡಕ್ಕೆ, ಕೂಗದಿದ್ದರೆ ಹೊಳೆಗೆ... ಅಷ್ಟೇ ಅವನ ಲೆಕ್ಕ. ಗದ್ದೆ ನಟ್ಟಿಗೆ ಹೋಗುವ ಹೆಂಗಸರೆಲ್ಲ ಅವನ ದೋಣಿಯಲ್ಲೇ ದಾಟುತ್ತಿದ್ದರು. ಒಂದು ದಿನ ಅಂಗಿ ಒಣಗಿಸಿಕೊಳ್ಳುತ್ತ, ಕರಟ ದಿನಾ ಎಲ್ಲಿಂದ ತರುತ್ತೀರಿ ಎಂದು ಅಜ್ಜನನ್ನು ಸುಮ್ಮನೆ ಕೇಳಿದೆ.

"ದಿನಾ ಎಂತಕ್ಕೆ? ನೀವು ಬರೋ ದಿನ ಮಾತ್ರ," ಎಂದರು. "ಯಾರೂ ಬಾರದ ದಿನ ಯಾರಿಗೆ ಬೆಂಕಿ ಮಾರಾಯಾ?"

ಕೈಯಲ್ಲಿದ್ದ ಕಡುಬು ಹಾಗೇ ಉಳಿಯಿತು. ಮುಂದಿನ ವಾರ ಹೇಳದೆ ಕೇಳದೆ ಹೋದೆ. ಕೋಣೆ ತಣ್ಣಗಿತ್ತು. ಯಂತ್ರ ಕರಕರ ಎಂದು ಫ್ಲಾಪಿಯನ್ನು ತಡಕಿತು, ಮತ್ತೆ ತಡಕಿತು, ನಿಂತಿತು. ಬೆಂಕಿಯ ಕಾವಿಲ್ಲದೆ, ತೇವಕ್ಕೆ ಅದು ಏನನ್ನೂ ಓದಲಾರದೆ ಹೋಗಿತ್ತು. ಫೇಲ್ ಎಂದು ಹೇಳುವಷ್ಟು ಕೂಡ ಅದರಲ್ಲಿ ಉಸಿರಿರಲಿಲ್ಲ. ಹೊರಗೆ ದೋಣಿ ಹೊಳೆಯ ನಡುವೆ ಇತ್ತು, ಯಾರೋ ನಗುತ್ತಿದ್ದರು. ಅಜ್ಜ ಮಾತ್ರ ಒಂದು ಮಾತು ಮುಂಚೆ ತಿಳಿಸಬಾರದಿತ್ತೇ ಎಂದು ನೊಂದುಕೊಂಡರು, ಬಂದವರಿಗೆ ಬೆಂಕಿಯೂ ಇಲ್ಲದಂತಾಯಿತಲ್ಲ ಎಂದು.

ಯಂತ್ರವನ್ನು ಗುಡ್ಡದ ಮೇಲಿನ ಒಣ ಜಾಗಕ್ಕೆ ಒಯ್ಯಬೇಕು, ಅಲ್ಲಿಯವರೆಗೆ ಸೈರನ್ ನಂಬಬೇಡಿ ಎಂದು ಊರವರಿಗೆ ಹೇಳಬೇಕು ಎಂದು ಮ್ಯಾನೇಜರಿಗೆ ಹೇಳಿದೆ. ಮಳೆ ಮುಗಿಯಲಿ, ನೋಡೋಣ ಎಂದರು. ಅಷ್ಟರತನಕ ಅಜ್ಜ ದಿನಾ ಬೆಂಕಿ ಹಾಕಲಿ, ಇದ್ದಿಲು ಆಫೀಸಿನಿಂದಲೇ ಹೋಗಲಿ ಎಂದೂ ಸೇರಿಸಿದರು. ಹಾಗೇ ಆಯಿತು. ಸೈರನ್ ನಂಬಬೇಡ ಎಂದು ದೋಣಿಯವನಿಗೆ ನಾನೇ ಹೇಳಿದೆ. ಅಜ್ಜ ಇದ್ದಾರಲ್ಲ ಎಂದು ಅವನು ನಕ್ಕ.

ಮತ್ತೆ ಪಾಸ್ ಬರತೊಡಗಿತು. ಯಂತ್ರ, ತಂತಿ, ಪ್ರೋಗ್ರಾಮಿನ ಜೊತೆ ಈಗ ಒಬ್ಬ ಮುದುಕರೂ ಸೇರಿದ್ದರು. ನಮ್ಮ ಯಾವ ಸುಳ್ಳು ಮಳೆಯೊಳಗೂ ಅವರಿರಲಿಲ್ಲ. ನೀರು ಮೆಟ್ಟಿಲಿಗೆ ಬಂದರೆ ಎಲ್ಲ ಬಿಟ್ಟು ಗುಡ್ಡ ಹತ್ತಿ ಎಂದು ಅವರಿಗೆ ಹೋದಾಗಲೆಲ್ಲ ಹೇಳಿದೆ.

"ನಾನು ಎದ್ದು ಹೋದ್ರೆ ಅದು ತಣ್ಣಗಾಗ್ತದಲ್ಲ ಮಾರಾಯಾ," ಎಂದರು.

ನೆರೆ ಬಂದ ದಿನ ನಾನು ನರಸಿಂಹರಾಜಪುರದಲ್ಲಿದ್ದೆ. ಸುಳ್ಳು ಮಳೆ ಸುರಿಸುತ್ತ, ಕೆಂಪು ದೀಪ ನೋಡುತ್ತ ಕೂತಿದ್ದೆ. ಸುದ್ದಿ ತಿಳಿದದ್ದು ಮರುದಿನ, ಜಯಪುರದಲ್ಲಿ ಬಸ್ಸು ನಿಂತಾಗ. ದೋಣಿ ನಟ್ಟಿಯ ಹೆಂಗಸರನ್ನು ತುಂಬಿಕೊಂಡು ದಡ ಬಿಡುವಾಗ ಸೈರನ್ ಕೂಗಿತಂತೆ. ಎಲ್ಲರೂ ತಿರುಗಿ ದಡ ಹತ್ತಿದರಂತೆ. ಎಲ್ಲರೂ ಉಳಿದರಂತೆ... ಅಜ್ಜನ ಬಗ್ಗೆ ನಾನೇ ಕೇಳಬೇಕಾಯಿತು. ಶೃಂಗೇರಿಯಲ್ಲಿ ಬಸ್ಸಿಳಿದು ನೇರ ಹೊಳೆದಂಡೆಗೆ ನಡೆದೆ.

ಕೋಣೆ ಇದ್ದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ದೋಣಿಯವನು ಅದರ ಕಡೆಗೆ ಮುಖ ಮಾಡದೆ ಹೇಳಿದ: "ನಾವೆಲ್ಲ ದಡದಿಂದ ಕೂಗಿದ್ವಿ. ಹೆಂಚಿನ ಸಂದಿಯಲ್ಲಿ ಹೊಗೆ ಬರ್ತಾ ಇತ್ತು. ಒಳಗೆ ಊದ್ತಾ ಇದ್ರು ಅಂತ ಕಾಣ್ತದೆ." ಅಜ್ಜನ ದೇಹ ಸಿಗಲಿಲ್ಲ. ನಾನು ಆ ಕೆಲಸ ಬಿಟ್ಟೆ.

ದೋಣಿಯವನ ಮನೆಯಲ್ಲಿ ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ತಮ್ಮ ಹಿರಿಯರ ಸಾಲಿನಲ್ಲಿ ಅಜ್ಜನಿಗೂ ಒಂದು ಎಡೆ ಇಡುತ್ತಾರೆ. ಈ ವರ್ಷ ದೋಣಿಯವನೂ ತೀರಿಕೊಂಡ. ನಿನ್ನೆ ಅವನ ಮಗಳು ಫೋನ್ ಮಾಡಿದ್ದಳು. ಎಡೆಗೆ ಏನು ಬಡಿಸಬೇಕೆಂದು ಅಪ್ಪನೇ ನೋಡಿಕೊಳ್ಳುತ್ತಿದ್ದರು, ತನಗೆ ತಿಳಿಯದು ಎಂದಳು. "ಅಜ್ಜನಿಗೆ ಎಂತ ಇಷ್ಟ ಇತ್ತು? ನೀವು ಅವರ ಜೊತೆ ಕೂತು ಉಂಡವರಲ್ಲ," ಎಂದು ಕೇಳಿದಳು.

ಯೋಚಿಸಿದೆ. ನಾನು ತಿನ್ನುವುದನ್ನು ಅವರು ಎದುರಿಗೆ ಕೂತು ನೋಡುತ್ತಿದ್ದರು. ಅವರು ತಿಂದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಗೊತ್ತಿಲ್ಲ ಎಂದೆ. "ಹೋಗ್ಲಿ ಬಿಡಿ, ನಾವು ಉಣ್ಣೋದನ್ನೇ ಬಡಿಸ್ತೇನೆ," ಎಂದು ಫೋನಿಟ್ಟಳು.