ಜೇಬಿನಲ್ಲಿದ್ದ ಬಿಳಿ ಮಾತ್ರೆ

ಪಂಪ್‌ಸೆಟ್ ಮಾರಿಕೊಂಡು ಕಡೂರು, ಅಜ್ಜಂಪುರ ಸುತ್ತುತ್ತಿದ್ದ ಎಪ್ಪತ್ತರ ದಶಕದಲ್ಲಿ ನನ್ನ ಹೊಟ್ಟೆ ಹೋಟೆಲಿನ ಬೋಂಡಾದ ಮೇಲೇ ನಡೆಯುತ್ತಿತ್ತು. ಎದೆಯುರಿಗೆಂದು ಜೇಬಿನಲ್ಲಿ ಸದಾ ಬಿಳಿ ಮಾತ್ರೆ ಇರುತ್ತಿತ್ತು. ಅದನ್ನು ಎಲೆಅಡಿಕೆಯಂತೆ ಜಗಿಯುತ್ತಿದ್ದೆ, ಬಸ್ಸಿನಲ್ಲಿ ಪಕ್ಕದವರಿಗೂ ಹಂಚುತ್ತಿದ್ದೆ.

ಒಂದು ದಿನ ತರೀಕೆರೆ ಬಸ್ಸಿನಲ್ಲಿ ಸೊಂಟದೊಳಗೆ ಎಂಥ ನೋವು ಬಂತೆಂದರೆ, ಕಂಡಕ್ಟರೇ ಡಾಕ್ಟರ ಬಾಗಿಲಲ್ಲಿ ಇಳಿಸಿ ಹೋದ. ಡಾಕ್ಟರು ಎಕ್ಸ್‌ರೇ ನೋಡಿ, "ಮೂತ್ರಪಿಂಡದಲ್ಲಿ ಕಲ್ಲು ಕಣ್ರೀ. ಯಾವುದಾದ್ರೂ ಔಷಧಿ ತಗೋತೀರಾ?" ಎಂದರು.

"ಔಷಧಿ ಮುಟ್ಟಿದೋನೇ ಅಲ್ಲ!" ಎಂದೆ ಹೆಮ್ಮೆಯಿಂದ. ಆಪರೇಷನ್ ಅಂದುಬಿಟ್ಟಾರೆಂಬ ಭಯ ಮಾತ್ರ ಇತ್ತು. ಇಂಜೆಕ್ಷನ್ನಿಗೆ ನೋವು ಇಳಿದ ಖುಷಿಯಲ್ಲಿ ಅವರ ಕೈಗೂ ಒಂದು ಮಾತ್ರೆ ಇಟ್ಟೆ. ಏನೋ ಬರೆಯುತ್ತಿದ್ದವರು ನೋಡದೆ ಬಾಯಿಗೆ ಹಾಕಿಕೊಂಡರು. ಎರಡು ಸಲ ಜಗಿದು ಪೆನ್ನು ಕೆಳಗಿಟ್ಟರು.

"ಇದೇನ್ರೀ ಇದು?"

"ಎದೆಯುರಿಗೆ ಸಾರ್. ಊಟ ಆದ್ಮೇಲೆ ಒಳ್ಳೇದು."

"ಎಷ್ಟು ದಿನದಿಂದ?"

"ಕೆಲಸಕ್ಕೆ ಸೇರಿದಾಗಿಂದ."

"ಮತ್ತೆ ಔಷಧಿ ಮುಟ್ಟಿಲ್ಲ ಅಂದ್ರಲ್ಲ ಮಹರಾಯ್ರೇ! ವರ್ಷಗಟ್ಟಲೆ ತಿಂದ್ರೆ ಇದೇ ಒಳಗೆ ಕಲ್ಲು ಕಟ್ಟುತ್ತೆ. ಬಿಸಾಕಿ ಇದನ್ನ. ನೀರು ಕುಡೀರಿ, ಆಪರೇಷನ್ ಆಮೇಲೆ ನೋಡೋಣ."

ಮಾತ್ರೆ ಬಿಸಾಕಿದೆ, ನೀರು ಕುಡಿದೆ. ಕಲ್ಲು ಆಪರೇಷನ್ನಿನ ಕತ್ತಿ ಕಾಣದೆ ತಾನೇ ಹೊರಬಿತ್ತು. ಆಮೇಲೆ ತರೀಕೆರೆಯಲ್ಲಿ ಸಿಕ್ಕಾಗಲೆಲ್ಲ ಆ ಡಾಕ್ಟರು ನನ್ನ ನಾಡಿ ಹಿಡಿಯುತ್ತಿರಲಿಲ್ಲ, ಜೇಬು ತಡಕುತ್ತಿದ್ದರು.